ತಪ್ಪನ್ನು ತಪ್ಪೇ ತಿಂದುಹಾಕುವ ಮರಗೆಲಸ

ಒಂದು ಮೈಕ್ರೋಮೀಟರಿಗಿಂತಲೂ ಕಡಿಮೆ! ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲೊಂದನ್ನು ಎತ್ತಿಕೊಂಡರೆ ಎಷ್ಟೋ, ಅದಕ್ಕಿಂತಲೂ ಚಿಕ್ಕದು. ಲೆಕ್ಕವನ್ನು ಹೇಗೆ ತಿರುಗಿಸಿ ಹಾಕಿದರೂ ಉತ್ತರ ಅದೇ. ಇದು ಕೈಗಡಿಯಾರದ ಹಲ್ಲುಚಕ್ರದ ಮಾತಲ್ಲ, ಉಪಗ್ರಹದ ಬಿಡಿಭಾಗದ ಮಾತೂ ಅಲ್ಲ. ಸಾಗುವಾನಿಯ ಚೂರುಗಳನ್ನು ಅಂಟಿಸಿ ಲೇತಿನ ಮೇಲೆ ಕಡೆದು ಮಾಡುವ ಒಂದು ಮರದ ಬಟ್ಟಲಿನ ಮಾತು! ಆ ಬಟ್ಟಲು ಸಂದಿಲ್ಲದೆ ಕೂಡಬೇಕಾದರೆ ಗರಗಸದ ಪ್ರತಿ ಕಡಿತದಲ್ಲೂ ಇಷ್ಟೇ ತಪ್ಪಬಹುದು ಎನ್ನುತ್ತದೆ ಕಾಗದದ ಮೇಲಿನ ಗಣಿತ. ಇಷ್ಟು ಸೂಕ್ಷ್ಮವಾಗಿ ಮರ ಕೊಯ್ಯುವ ಗರಗಸ ಯಾರ ಮನೆಯಲ್ಲೂ ಇಲ್ಲ. ಆದರೂ ಹವ್ಯಾಸಿಗಳು ತಮ್ಮ ಪುಟ್ಟ ಶೆಡ್ಡುಗಳಲ್ಲಿ ಅಂಥ ಬಟ್ಟಲುಗಳನ್ನು ಮಾಡುತ್ತಲೇ ಇದ್ದಾರೆ. ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವನಿಗೆ ಸಿಕ್ಕಿದ್ದು ಒಂದು ಬೆಣೆ, ಒಂದು ಗಾಜಿನ ಹಲಗೆ, ಗದಗ ಜಿಲ್ಲೆಯ ಒಂದು ಗುಡಿ ಮತ್ತು ಠಾಣೆಯ ಮಳೆಗಾಲ!

ಠಾಣೆಯ ಮಾಜಿವಾಡಾ ನಾಕಾದಲ್ಲಿ ನಿಂತು ಯಾವ ಕಡೆ ಕತ್ತೆತ್ತಿದರೂ ಟವರುಗಳು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ನಾಸಿಕದ ದಾರಿ ಹಿಡಿಯುವ, ಘೋಡ್‌ಬಂದರ್ ರಸ್ತೆ ಕವಲೊಡೆಯುವ ಜಾಗವಿದು. ಟವರು ಎದ್ದ ಮೇಲೆ ಒಳಗೆ ಫರ್ನಿಚರ್ ಕೆಲಸ ಶುರು. ಪ್ಲೈವುಡ್ಡು, ಲ್ಯಾಮಿನೇಟು, ಅಂಚಿಗೆ ಸಾಗುವಾನಿಯ ಬೀಡಿಂಗ್ ಪಟ್ಟಿ. ಮಿಸ್ತ್ರಿ ಪಟ್ಟಿಯನ್ನು ಅಳತೆಗೆ ಕೊಯ್ದು ಮಿಕ್ಕಿದ್ದನ್ನು ಮೂಲೆಗೆ ಒಗೆಯುತ್ತಾನೆ. ಬೆರಳುದ್ದ, ಗೇಣುದ್ದದ ತುಂಡುಗಳು; ಗೋಣಿಚೀಲದಲ್ಲಿ ಕೆಳಗಿಳಿದು ಕಸವಾಗಿಯೋ ಸೌದೆಯಾಗಿಯೋ ಮುಗಿಯುವಂಥವು. ಆ ಚೀಲದಲ್ಲಿ ಮಲಗಿರುವುದು ಕಸವಲ್ಲ, ಹೂದಾನಿಗಳು!

ಉತ್ಪ್ರೇಕ್ಷೆಯಲ್ಲ. ಮರದ ಪಟ್ಟಿಯನ್ನು ಓರೆಯಾಗಿ ಕೊಯ್ದು ಒಂದೇ ಅಳತೆಯ 12 ತುಂಡು ಮಾಡಿ. ಒಂದರ ಓರೆಮುಖಕ್ಕೆ ಇನ್ನೊಂದರ ಓರೆಮುಖವನ್ನು ಅಂಟಿಸುತ್ತ ಹೋದರೆ ಬಳೆಯಾಗುತ್ತದೆ. ಇಂಥ ಬಳೆಗಳನ್ನು ಒಂದರ ಮೇಲೊಂದು ಪೇರಿಸಿ. ಇಟ್ಟಿಗೆ ಗೋಡೆಯ ಹಾಗೆ ಮೇಲಿನ ಬಳೆಯ ಬೆಸುಗೆ ಕೆಳಗಿನ ತುಂಡಿನ ನಡುಮಧ್ಯಕ್ಕೆ ಬರಬೇಕು. ಅಂಟು ಒಣಗಿದ ಮೇಲೆ ಇಡೀ ಗೋಪುರವನ್ನು ಲೇತಿಗೆ ಕಚ್ಚಿಸಿ ಉಳಿ ಹಿಡಿದರೆ ಮೂಲೆಗಳೆಲ್ಲ ಹಾರಿಹೋಗಿ ನುಣುಪಾದ ಬಟ್ಟಲೋ ಹೂದಾನಿಯೋ ಹೊರಬರುತ್ತದೆ. 24 ತುಂಡಿನ 20 ಬಳೆ ಪೇರಿಸಿದರೆ 480 ತುಂಡು, 960 ಕಡಿದ ಮುಖ! ಸಾಗುವಾನಿಯ ಹೊಂಬಣ್ಣದ ನಡುವೆ ಬೀಟೆಯ ಕಪ್ಪು ತುಂಡುಗಳನ್ನು ಲೆಕ್ಕ ಹಾಕಿ ಕೂರಿಸಿದರೆ ಮೈತುಂಬ ನೇಯ್ಗೆಯಂಥ ಚಿತ್ತಾರ. ಅಮೆರಿಕದಲ್ಲಿ ಇದೊಂದು ದೊಡ್ಡ ಹವ್ಯಾಸ. ಮಾಲ್ಕಮ್ ಟಿಬೆಟ್ಸ್ ಈ ಕಲೆಯ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು.

ಚನ್ನಪಟ್ಟಣದವರು ಆಲೆಮರದ ಒಂದೇ ತುಂಡನ್ನು ಕಡೆದು ಅರಗಿನ ಬಣ್ಣ ಹಚ್ಚುತ್ತಾರಲ್ಲ, ಹಾಗೆ ದಿಮ್ಮಿಯಿಂದಲೇ ಬಟ್ಟಲು ತೆಗೆಯಬಾರದೇ? ಆಟಿಕೆಯಷ್ಟು ಚಿಕ್ಕದಾದರೆ ಸರಿ. ದೊಡ್ಡದಾದಂತೆ ಮರ ಹಟ ಹಿಡಿಯುತ್ತದೆ. ಹಸಿ ಸಾಗುವಾನಿ ಪೂರ್ತಿ ಒಣಗುವಷ್ಟರಲ್ಲಿ ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು ಶೇ 2.5ರಷ್ಟು ಕುಗ್ಗಿದರೆ, ವರ್ಷಬಳೆಗಳ ಗುಂಟ ಸುಮಾರು ಶೇ 5.8ರಷ್ಟು ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಇಲ್ಲವೆಂಬಷ್ಟು ಕಡಿಮೆ. ಒಂದೇ ಮರ, ದಿಕ್ಕಿಗೊಂದು ಕುಗ್ಗು. ದಿಮ್ಮಿ ಸೀಳುವುದು ಅದಕ್ಕೇ. ತುಂಡು ಜೋಡಿಸಿದ ಬಳೆಯಲ್ಲಿ ನಾರು ಸುತ್ತಳತೆಯ ಗುಂಟವೇ ಹರಿಯುವುದರಿಂದ ಬಟ್ಟಲಿನ ಸುತ್ತಳತೆ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ.

ಈಗ ಬನ್ನಿ, ಎದೆ ಝಲ್ಲೆನ್ನಿಸುವ ಲೆಕ್ಕಕ್ಕೆ. ಪೂರ್ತಿ ಸುತ್ತು 360 ಡಿಗ್ರಿ. 12 ತುಂಡಾದರೆ ತಲಾ 30. ಪ್ರತಿ ತುಂಡಿಗೆ ಎರಡು ಓರೆಮುಖ, ಒಂದೊಂದಕ್ಕೆ 15 ಡಿಗ್ರಿ. ಒಟ್ಟು 24 ಕಡಿತ. ಗರಗಸವನ್ನು 15ಕ್ಕೆ ಹೊಂದಿಸಿದ್ದೇನೆ ಎಂದುಕೊಂಡಿದ್ದೀರಿ, ನಿಜಕ್ಕೂ ಅದು 14.9ರಲ್ಲಿದೆ. ಡಿಗ್ರಿಯ ಹತ್ತರಲ್ಲೊಂದು ಪಾಲು! 20 ಮಿ.ಮೀ. ಅಗಲದ ಮುಖದ ಮೇಲೆ ಇದು 0.035 ಮಿ.ಮೀ. ಆಗುತ್ತದೆ, ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಎರಡು ತುಂಡನ್ನು ಕೂಡಿಸಿ ಬೆಳಕಿಗೆ ಹಿಡಿದರೆ ಏನೂ ಕಾಣದು. ಮೂರನೆಯದೂ ಕೂಡುತ್ತದೆ, ನಾಲ್ಕನೆಯದೂ. ಹನ್ನೆರಡನೆಯದನ್ನು ಕೂರಿಸಿ ಬಳೆ ಮುಚ್ಚಲು ಹೋದರೆ, ಅಲ್ಲಿದೆ ಬಾಯ್ದೆರೆದ ಸಂದು! 24 ಸಲ 0.1 ಅಂದರೆ 2.4 ಡಿಗ್ರಿ, 100 ಮಿ.ಮೀ. ತ್ರಿಜ್ಯದ ಬಳೆಯಲ್ಲಿ 4 ಮಿ.ಮೀ. ಮೀರಿದ ತೆರಪು. ತುಂಡು ಹೆಚ್ಚಿಸಿ 24 ಮಾಡಿದರೆ ಕಡಿತ 48, ತೆರಪು 8 ಮಿ.ಮೀ. ದಾಟುತ್ತದೆ. ಚಿತ್ತಾರ ಸೊಗಸಾದಷ್ಟೂ ವೃತ್ತ ನಿಷ್ಕರುಣಿ!

ಲೆಕ್ಕವನ್ನು ತಿರುಗಿಸಿ ಹಾಕಿ. ಕೊನೆಯ ಸಂದು 0.1 ಮಿ.ಮೀ. ಮೀರಬಾರದು ಎಂದುಕೊಳ್ಳೋಣ, ಏಕೆಂದರೆ ಫೆವಿಕಾಲ್‌ನಂಥ ಬಿಳಿ ಅಂಟಿಗೆ ಮರವನ್ನು ಮರಕ್ಕೆ ಹಿಡಿಸುವ ಶಕ್ತಿಯಿದೆಯೇ ಹೊರತು ತೆರಪು ತುಂಬುವ ಶಕ್ತಿಯಿಲ್ಲ. ಆಗ 24 ಕಡಿತಕ್ಕೆ ಹಂಚಿದರೆ ಒಂದೊಂದಕ್ಕೆ ಸಿಗುವುದು ಡಿಗ್ರಿಯ ಸಾವಿರದಲ್ಲಿ ಎರಡೂವರೆ ಪಾಲು. 20 ಮಿ.ಮೀ. ಮುಖದ ಮೇಲೆ ಅದು 0.00083 ಮಿ.ಮೀ.! ಮೊದಲ ಸಾಲಿನಲ್ಲಿ ಹೇಳಿದ ಸಂಖ್ಯೆ ಹುಟ್ಟಿದ್ದು ಹೀಗೆ. ಇಲ್ಲೇ ಪಕ್ಕದ ವಾಗ್ಳೆ ಎಸ್ಟೇಟಿನಲ್ಲಿ ಉಕ್ಕನ್ನು ಕಡೆಯುವ ಕಾರ್ಖಾನೆಗಳಿವೆ. ಅಂಥ ಕಡೆ ಕೈಯಲ್ಲಿ ಹಿಡಿಯುವ ಸಾಮಾನ್ಯ ಮೈಕ್ರೋಮೀಟರು ಓದುವುದೇ 0.01 ಮಿ.ಮೀ.ವರೆಗೆ. ಅದಕ್ಕೂ ಹತ್ತು ಪಟ್ಟು ಸೂಕ್ಷ್ಮವನ್ನು ಮರದಲ್ಲಿ ಕೇಳಿದ ಹಾಗಾಯಿತು! ಮರ ಮೆತ್ತಗಿನ ವಸ್ತು, ಪೈಪಿಗೆ ಹಾಕುವ ಹೋಸ್ ಕ್ಲಾಂಪಿನಿಂದ ಸುತ್ತ ಬಿಗಿದರೆ ಒಂದಿಷ್ಟು ಅಡಗಿಕೊಳ್ಳುತ್ತದೆ ನಿಜ. ಆದರೆ ಹಾಗೆ ಅಡಗಿದ ಒತ್ತಡ ಬೆಸುಗೆಯೊಳಗೇ ಕಾದು ಕೂತಿರುತ್ತದೆ.

ಇಲ್ಲಿಂದ ಮುಂದೆ ಬುದ್ಧಿ ತಲೆಕೆಳಗಾಗುತ್ತದೆ. ತಪ್ಪಿನಲ್ಲೂ ಎರಡು ಜಾತಿ! ತುಂಡಿನ ಉದ್ದವನ್ನೇ ತಗೊಳ್ಳಿ. ನಮ್ಮ 100 ಮಿ.ಮೀ. ತ್ರಿಜ್ಯದ ಬಳೆಗೆ ಹೊರಗಿನ ಉದ್ದ 53.6 ಮಿ.ಮೀ. ಇರಬೇಕು. ಹನ್ನೆರಡಕ್ಕೆ ಹನ್ನೆರಡೂ ಅರ್ಧ ಮಿ.ಮೀ. ಉದ್ದವಾದವು ಅನ್ನಿ. ಏನಾಯಿತು? ಏನೂ ಇಲ್ಲ! ಬಳೆಯ ವ್ಯಾಸ 2 ಮಿ.ಮೀ.ನಷ್ಟು ಹಿಗ್ಗಿತು, ಅಷ್ಟೇ, ಬೆಸುಗೆಗಳೆಲ್ಲ ಬಿಗಿ. ಅದೇ ಒಂದೇ ಒಂದು ತುಂಡು ಅರ್ಧ ಮಿ.ಮೀ. ಉದ್ದವಾಗಿದ್ದರೆ ಬಳೆ ಮುಚ್ಚಿಕೊಳ್ಳದೆ ಕಾಡುತ್ತದೆ. ಎದುರುಬದುರಿನ ಎರಡು ತುಂಡು ಸಮನಾಗಿ ಉದ್ದವಾಗಿದ್ದರೆ ಮತ್ತೆ ಎಲ್ಲ ಸರಿ! ಎಂದರೆ ಉದ್ದದಲ್ಲಿ ಬೇಕಾದದ್ದು ಸರಿಯಾದ ಅಳತೆಯಲ್ಲ, ಒಂದೇ ಅಳತೆ. ಗರಗಸದ ಪಕ್ಕದಲ್ಲಿ ಒಂದು ತಡೆಗಟ್ಟೆ ಬಿಗಿದು ಪಟ್ಟಿಯನ್ನು ಪ್ರತಿ ಸಲ ಅದಕ್ಕೆ ತಾಗಿಸಿ ಕೊಯ್ದರೆ ಕೆಲಸ ಮುಗಿಯಿತು.

ಕೋನದಲ್ಲಿ ಇದಕ್ಕೆ ತದ್ವಿರುದ್ಧ! ಒಂದೇ ಥರದ ತಪ್ಪು ಇಲ್ಲಿ ಘಾತುಕ. ಪ್ರತಿ ತೂಕಕ್ಕೂ ಐದೈದು ಗ್ರಾಂ ಕದಿಯುವ ತಕ್ಕಡಿಯ ಹಾಗೆ, ಸಣ್ಣದಾದರೂ ಸದಾ ಒಂದೇ ಕಡೆಗೆ. ಕೈ ಅತ್ತಿತ್ತ ನಡುಗಿ ಕೆಲವು ಕಡಿತ 14.9, ಕೆಲವು 15.1 ಆದರೆ ಹೆಚ್ಚು ಕಡಿಮೆಗಳು ಒಂದನ್ನೊಂದು ನುಂಗುತ್ತವೆ. ಸಂಭವಶಾಸ್ತ್ರದ ಪ್ರಕಾರ ಅಂಥ 24 ತಪ್ಪುಗಳು ಕೂಡಿದಾಗ 24 ಪಟ್ಟು ಬೆಳೆಯುವುದಿಲ್ಲ, 24ರ ವರ್ಗಮೂಲದಷ್ಟು ಮಾತ್ರ, ಸುಮಾರು 5 ಪಟ್ಟು. ಅಲುಗದ ಯಂತ್ರದ 0.1 ಡಿಗ್ರಿ ತಪ್ಪು ಬಳೆಯನ್ನು 2.4 ಡಿಗ್ರಿ ಬಿಚ್ಚಿದರೆ, ನಡುಗುವ ಕೈಯ ಅದೇ 0.1 ಡಿಗ್ರಿ ಬಿಚ್ಚುವುದು ಹೆಚ್ಚುಕಡಿಮೆ ಅರ್ಧ ಡಿಗ್ರಿ! ಸ್ಥಿರವಾದ ಯಂತ್ರಕ್ಕಿಂತ ಅಸ್ಥಿರವಾದ ಕೈಯೇ ವಾಸಿ ಎನ್ನುವ ಲೆಕ್ಕ!

ನಡುಗುವ ಕೈಯನ್ನು ನಂಬಿ ಬಟ್ಟಲು ಮಾಡಲಾಗದು, ಸರಿ. ಹಾಗಾದರೆ ತಪ್ಪು ತಪ್ಪನ್ನು ನುಂಗುವ ಈ ಗುಣವನ್ನೇ ಬೇಕೆಂದಾಗ ಬರಿಸಿಕೊಳ್ಳಬಹುದೇ? ಬಹುದು! ಅಮೆರಿಕದ ಜೆರ್ರಿ ಬೆನೆಟ್ ಎಂಬ ಕಡೆತಗಾರ ಬಳಕೆಗೆ ತಂದ ಸಾಧನದ ಹೆಸರು ವೆಜಿ ಸ್ಲೆಡ್. ಗರಗಸದ ಮೇಜಿನ ಮೇಲೆ ಜಾರುವ ಒಂದು ಹಲಗೆ, ಅದರ ಮೇಲೆ ಎರಡು ಆನಿಕೆಪಟ್ಟಿ. ಮೊದಲ ಆನಿಕೆಗೆ ಮರವನ್ನು ಒತ್ತಿ ಹಿಡಿದು ಒಂದು ಮುಖ ಕೊಯ್ಯುವುದು, ಎರಡನೆಯದಕ್ಕೆ ಒತ್ತಿ ಇನ್ನೊಂದು ಮುಖ. ಮರವನ್ನು ಮಗುಚುವ ಹಾಗಿಲ್ಲ. ಆನಿಕೆಗಳನ್ನು ಹೊಂದಿಸುವುದು ಹೇಗೆ? 30 ಡಿಗ್ರಿಯ ಒಂದು ಬೆಣೆಯನ್ನು ಎರಡರ ನಡುವೆ ಇಟ್ಟು ಎರಡನ್ನೂ ಅದಕ್ಕೆ ತಾಗಿಸಿ ತಿರುಪು ಬಿಗಿಯುವುದು. ಮುಗಿಯಿತು! ಕೋನಮಾಪಕ ಬೇಡ, ಗರಗಸದ ಡಿಗ್ರಿ ಗುರುತನ್ನು ನೋಡುವುದೂ ಬೇಡ.

ಯಾಕೆ ಬೇಡ? ಕೈ ತಪ್ಪಿ ಮೊದಲ ಆನಿಕೆ 14.8ಕ್ಕೆ ನಿಂತಿತು ಅನ್ನಿ. ನಡುವೆ ಬೆಣೆ ಇದೆಯಲ್ಲ, ಎರಡನೆಯದು ತಾನಾಗಿ 15.2ಕ್ಕೆ ಹೋಗಲೇಬೇಕು. ಪ್ರತಿ ತುಂಡಿನ ಒಂದು ಮುಖ 14.8, ಇನ್ನೊಂದು 15.2. ತುಂಡುಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಜೋಡಿಸಿದರೆ ಪ್ರತಿ ಬೆಸುಗೆಯಲ್ಲೂ 14.8ರ ಎದುರು 15.2 ಬಂದು ಕೂರುತ್ತದೆ. ಮೊತ್ತ 30, ಹನ್ನೆರಡು ಸಲ 30, ಕರಾರುವಾಕ್ಕಾಗಿ 360! ಬ್ಲೇಡು ಲಂಬಕ್ಕೆ ಕೂದಲೆಳೆಯಷ್ಟು ವಾಲಿದ್ದರೂ ಮರ ಮಗುಚದೆ ಇರುವುದರಿಂದ ಒಂದು ಮುಖದ ವಾಲು ಪಕ್ಕದ ಮುಖದ ವಾಲಿಗೆ ಹೊಂದಿಕೊಂಡುಬಿಡುತ್ತದೆ. 24 ಕಡೆ ಹರಡಿದ್ದ ನಿಖರತೆಯ ಹೊಣೆಯೆಲ್ಲ ಒಂದೇ ಒಂದು ಬೆಣೆಯ ಹೆಗಲಿಗೆ ಬಂತು. ಅಂಥ ಬೆಣೆಯನ್ನು ಸೈನ್‌ಬೋರ್ಡಿನವರ ಸಿಎನ್‌ಸಿ ಯಂತ್ರದಲ್ಲಿ ಅಕ್ರಿಲಿಕ್ ಹಲಗೆಯಿಂದ ಒಮ್ಮೆ ಕೊರೆಸಿ, ಬಳೆ ಮಾಡಿ ಪರೀಕ್ಷಿಸಿ ಇಟ್ಟುಕೊಂಡರೆ ಆಯಿತು.

ಬೆಣೆಯಲ್ಲೇ ಐಬಿದ್ದರೆ? ಅದಕ್ಕೂ ಮದ್ದುಂಟು, ಇದು ಇನ್ನೂ ಸರಳ! ಬಳೆಯನ್ನು ಒಂದೇ ಸಲ ಮುಚ್ಚಬೇಡಿ. ಆರಾರು ತುಂಡಿನ ಎರಡು ಅರ್ಧಬಳೆ ಅಂಟಿಸಿ, ನಡುವಿನ ಎರಡು ಬೆಸುಗೆಗೆ ಅಂಟು ಹಚ್ಚದೆ ಬಿಡಿ. ಅಂಟು ಒಣಗಿದ ಮೇಲೆ ದಪ್ಪ ಗಾಜಿನ ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ, ಅರ್ಧಬಳೆಯ ಎರಡೂ ತುದಿಗಳನ್ನು ಒಟ್ಟಿಗೆ ಅದರ ಮೇಲೆ ಉಜ್ಜಿ. ಎರಡೂ ತುದಿ ಒಂದೇ ಸಮತಲಕ್ಕೆ ಬಂದವೆಂದರೆ ಅವುಗಳ ನಡುವಿನ ಕೋನ 180 ಡಿಗ್ರಿ ಆಗಲೇಬೇಕು, ಬೇರೆ ಗತಿಯೇ ಇಲ್ಲ. ಇಂಥ ಎರಡು ಅರ್ಧಗಳು ಸೇರಿದರೆ 360. ಹನ್ನೆರಡು ಬೆಸುಗೆಯಲ್ಲಿ ಕೂಡಿಬಂದ ತಪ್ಪನ್ನೆಲ್ಲ ಒಂದು ಗಾಜು ಉಜ್ಜಿ ಅಳಿಸಿಹಾಕಿತು! ಬಳೆ ಕಿಂಚಿತ್ತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಅದನ್ನು ಲೇತು ನೋಡಿಕೊಳ್ಳುತ್ತದೆ. ಲೇತು ಆಕಾರದ ತಪ್ಪನ್ನು ಕ್ಷಮಿಸುತ್ತದೆ, ಬೆಸುಗೆಯ ತಪ್ಪನ್ನು ಎಂದೂ ಕ್ಷಮಿಸದು.

ವೃತ್ತ ತನ್ನ ಪರೀಕ್ಷಕ ತಾನೇ ಆಗುವ ಈ ಸಂಗತಿಯನ್ನು ನಮ್ಮ ನೆಲವನ್ನು ಅಳೆದವರು ಚೆನ್ನಾಗಿ ಬಲ್ಲರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, 1802ರಲ್ಲಿ ಮದ್ರಾಸಿನಿಂದ ಭಾರತದ ಮಹಾ ತ್ರಿಕೋನ ಮೋಜಣಿಯನ್ನು ಹೊರಡಿಸಿದ. ಮೋಜಣಿದಾರ ಒಂದು ಗುಡ್ಡದ ಮೇಲೆ ನಿಂತು ಸುತ್ತಲಿನ ಗುರುತುಗಳ ನಡುವಿನ ಕೋನಗಳನ್ನು ಒಂದಾದ ಮೇಲೊಂದು ಅಳೆದು ಮೊದಲ ಗುರುತಿಗೇ ಮರಳಿದರೆ ಮೊತ್ತ 360 ಬರಬೇಕು. ಬಾರದೆ ಉಳಿದದ್ದೇ ಅವನ ತಪ್ಪಿನ ಅಳತೆ. ಅದನ್ನು ಎಲ್ಲ ಕೋನಗಳಿಗೂ ಹಂಚಿಬಿಡುತ್ತಾನೆ. 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಏರಿಸುವಾಗ ಲ್ಯಾಂಬ್ಟನ್ನನ, ಕೋನ ಅಳೆಯುವ ದೈತ್ಯ ಥಿಯೊಡೊಲೈಟು ಗೋಡೆಗೆ ಬಡಿದು ಅದರ ವೃತ್ತವೇ ಸೊಟ್ಟಗಾಯಿತು. ಅವನು ಡೇರೆಯೊಳಗೆ ವಾರಗಟ್ಟಲೆ ಕೂತು ಅದನ್ನು ಎಳೆದು, ಒತ್ತಿ, ಮತ್ತೆ ದುಂಡಗೆ ಮಾಡಿದ. ಅದೇ ಉಪಕರಣದಿಂದ ಮೋಜಣಿ ಮುಂದುವರಿಯಿತು!

ಅದಕ್ಕೂ ಎಷ್ಟೋ ಹಿಂದೆ, ಕಲ್ಲಿನಲ್ಲಿ? ಗದಗ ಜಿಲ್ಲೆಯ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪನ ಗುಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ. 12ನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ! ಎಲ್ಲೂ ಕಡಿಯದೆ ಸುತ್ತುವ ಈ ಮೂಲೆಗಳು ಗೋಡೆಯಿಂದ ಶಿಖರಕ್ಕೂ ಏರಿವೆ. 24 ಮೂಲೆ ಅಂದರೆ ಮೂಲೆಯಿಂದ ಮೂಲೆಗೆ 15 ಡಿಗ್ರಿ, ನಮ್ಮ ಗರಗಸ ತಡಕಾಡುತ್ತಿದ್ದ ಅದೇ 15! ಇಂಥ ನಕ್ಷೆಗಳನ್ನು ವಿದ್ವಾಂಸರು ಒಂದೇ ಕೇಂದ್ರದ ಸುತ್ತ ತಿರುಗಿಸಿದ ಚೌಕಗಳಿಂದ ವಿವರಿಸುತ್ತಾರೆ. ಆರು ಚೌಕ, ತಲಾ ನಾಲ್ಕು ಮೂಲೆ, ಒಟ್ಟು 24. ಈ ದಾರಿಯ ಜಾಣತನ ನೋಡಿ. ಚೌಕ ಸರಿಯಿದೆಯೇ ಎಂದು ತಿಳಿಯಲು ಕೋನ ಅಳೆಯಬೇಕಿಲ್ಲ, ನಾಲ್ಕು ಬದಿ ಸಮನಿಟ್ಟು ಹಗ್ಗ ಹಿಡಿದು ಎರಡು ಕರ್ಣಗಳೂ ಸಮ ಎಂದು ನೋಡಿದರೆ ಸಾಕು. ಪ್ರತಿ ಚೌಕವೂ ತನ್ನಷ್ಟಕ್ಕೆ ತಾನು ಮುಚ್ಚಿಕೊಂಡ ಲೆಕ್ಕ. ಒಂದರ ತಪ್ಪು ಇನ್ನೊಂದಕ್ಕೆ ಹರಿಯದು. ಮರದ ಬಳೆಯನ್ನು ಎರಡು ಅರ್ಧವಾಗಿ ಒಡೆದು ಉಜ್ಜುವ ಉಪಾಯವೂ ಇದೇ ಅಲ್ಲವೇ! ಸುತ್ತನ್ನು ಚಿಕ್ಕ ಚಿಕ್ಕ ಲೆಕ್ಕಗಳಾಗಿ ಒಡೆದರೆ ತಪ್ಪಿಗೆ ಓಡಾಡಲು ಜಾಗವಿಲ್ಲ.

ಊರಿನ ಎತ್ತಿನಗಾಡಿಯ ಚಕ್ರವೂ ತುಂಡು ಜೋಡಿಸಿದ ಬಳೆಯೇ. ಬಾಗಿದ ಮರದ ತುಂಡುಗಳು ಸೇರಿ ಅಂಚು, ಅದರ ಮೇಲೆ ಕಬ್ಬಿಣದ ಪಟ್ಟಿ. ಇಲ್ಲಿ ಉಪಾಯ ಬೆಂಕಿಯದು. ಪಟ್ಟಿಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿ ಮಾಡಿ, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ ನೀರು ಸುರಿಯುತ್ತಾರೆ. ಒಂದೂವರೆ ಮೀಟರ್ ವ್ಯಾಸದ ಪಟ್ಟಿ 500 ಡಿಗ್ರಿ ಬಿಸಿಯೇರಿದರೆ ಸುತ್ತಳತೆಯಲ್ಲಿ ಸುಮಾರು 28 ಮಿ.ಮೀ. ಹಿಗ್ಗುತ್ತದೆ. ತಣಿದು ಕುಗ್ಗುವಾಗ ಬೆಸುಗೆಗಳನ್ನೆಲ್ಲ ಅಮುಕಿ ಒಂದು ಮಾಡುತ್ತದೆ. ಆ ಪಟ್ಟಿ ಸದಾ ಬಿಗಿದೇ ಇರುತ್ತದೆ. ಬಟ್ಟಲಿಗೆ ಆ ಭಾಗ್ಯವಿಲ್ಲ. ಕ್ಲಾಂಪು ಬಿಚ್ಚಿದ ಮೇಲೆ ಅಂಟೇ ಗತಿ.

ಇಷ್ಟೆಲ್ಲ ಗೆದ್ದ ಮೇಲೆ ಮಾಜಿವಾಡಾದ ಬಡಗಿಗೆ ಎದುರಾಗುವುದು ಮಳೆ! ಜೂನ್ ಬಂತೆಂದರೆ ಯೇವೂರಿನ ಗುಡ್ಡಕ್ಕೂ ಉಪ್ಪುನೀರಿನ ಖಾಡಿಗೂ ನಡುವಿನ ಈ ಗಾಳಿ ಒದ್ದೆ ಬಟ್ಟೆಯಾಗುತ್ತದೆ. ಮರದ ತೇವಾಂಶ ಶೇ 5ರಷ್ಟು ಏರಿದರೂ ಸಾಗುವಾನಿಯ ಪಟ್ಟಿ ಅಗಲದಲ್ಲಿ ಸುಮಾರು ಶೇ 1ರಷ್ಟು ಉಬ್ಬಬಹುದು, ಉದ್ದ ಮಾತ್ರ ಕದಲದು. ಅಗಲ ಹಿಗ್ಗಿ ಉದ್ದ ಹಾಗೇ ಇದ್ದರೆ ಓರೆಮುಖದ ಓರೆಯೇ ಬದಲಾಗುತ್ತದೆ! ಮೇ ತಿಂಗಳಲ್ಲಿ ಕರಾರುವಾಕ್ಕಾಗಿ ಕೊಯ್ದ 15 ಡಿಗ್ರಿ ಜುಲೈ ಹೊತ್ತಿಗೆ 14.86 ಆಗಿರುತ್ತದೆ. 24 ಮುಖಕ್ಕೆ ಅದು 3.4 ಡಿಗ್ರಿ, ಸುಮಾರು 6 ಮಿ.ಮೀ. ತೆರಪು. ತುಂಡು ಹೆಚ್ಚಿಸಿದರೆ ತಪ್ಪಿಸಿಕೊಳ್ಳಬಹುದೇ? ಇಲ್ಲ! 24 ತುಂಡು ಮಾಡಿದರೆ ಒಂದೊಂದರ ತಪ್ಪು ಅರ್ಧವಾಗುತ್ತದೆ, ಮುಖಗಳು ದುಪ್ಪಟ್ಟಾಗುತ್ತವೆ, ಮೊತ್ತ ಹೆಚ್ಚುಕಡಿಮೆ ಅಷ್ಟೇ. ಯಾರೂ ಗರಗಸ ಮುಟ್ಟದೆ, ಗಾಳಿಯೊಂದೇ ಕೋನ ಕೆಡಿಸಿಬಿಟ್ಟಿತು!

ಇದಕ್ಕೆ ಮದ್ದು ಗರಗಸದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಮರವನ್ನು ಕೆಲಸದ ಕೋಣೆಯಲ್ಲೇ ವಾರಗಟ್ಟಲೆ ಇಟ್ಟು ಅಲ್ಲಿನ ಗಾಳಿಗೆ ಹದಗೊಳಿಸಬೇಕು. ಕೊಯ್ದದ್ದನ್ನು ಅದೇ ದಿನ ಅಂಟಿಸಬೇಕು. ಬಳೆ ಒಮ್ಮೆ ಕೂಡಿದ ಮೇಲೂ ಗಾಳಿಯ ಆಟ ನಿಲ್ಲದು, ಆದರೆ ಬಟ್ಟಲಿನ ಗೋಡೆ ತೆಳುವಾದಷ್ಟೂ ಬೆಸುಗೆಯ ಮೇಲಿನ ಎಳೆತ ಕಡಿಮೆ. ಬಟ್ಟಲನ್ನು ತೆಳ್ಳಗೆ ಕಡೆಯುವುದು ಬರೀ ಅಂದಕ್ಕಲ್ಲ, ಆಯುಸ್ಸಿಗೂ ಹೌದು. ಅಗಲವಾದ ಒಂದೇ ಹಲಗೆಯನ್ನು ತಳಕ್ಕೆ ಗಟ್ಟಿಯಾಗಿ ಅಂಟಿಸಿದರೆ ಮಳೆಗಾಲದಲ್ಲಿ ಅದು ಉಬ್ಬಿ ಬಳೆಯನ್ನೇ ಸೀಳೀತು. ಆದ್ದರಿಂದ ತಳವನ್ನೂ ತುಂಡು ಜೋಡಿಸಿಯೇ ಮಾಡುವವರಿದ್ದಾರೆ, ಸುತ್ತ ತೋಡು ಕೊರೆದು ತಳ ಅದರೊಳಗೆ ಸಡಿಲವಾಗಿ ಕೂರುವಂತೆ ಮಾಡುವವರೂ ಇದ್ದಾರೆ.

ಲಕ್ಷಗಟ್ಟಲೆ ಬೆಲೆಯ ಯಂತ್ರದಿಂದ ಬರುವುದೇ ನಿಖರತೆ ಎಂದುಕೊಂಡಿದ್ದ ನನ್ನಂಥವನಿಗೆ ಈ ಬಳೆ ತೋರಿಸಿದ್ದು ಬೇರೆಯೇ ದಾರಿ. ತಪ್ಪೇ ಆಗದ ಯಂತ್ರ ಎಲ್ಲೂ ಇಲ್ಲ, ಆದರೆ ಆದ ತಪ್ಪಿಗೆ ಎದುರುತಪ್ಪು ಬಂದು ಕೂರುವಂತೆ ಕೆಲಸ ಹೂಡಬಹುದು, ಅದೂ ಅಂಗೈಯಗಲದ ಬೆಣೆಯಿಂದ! ಲೇತು ಇಲ್ಲದವರೂ ಇದನ್ನು ಪರೀಕ್ಷಿಸಿ ನೋಡಬಹುದು. ಮುಂದಿನ ಸಲ ಮನೆಗೆ ಬಂದ ಮಿಸ್ತ್ರಿ ಫೋಟೋ ಫ್ರೇಮಿಗೆ ಬೀಡಿಂಗ್ ಕೊಯ್ಯುವಾಗ 45ಕ್ಕಾಗಿ ಒದ್ದಾಡುತ್ತಿದ್ದರೆ, ಎರಡು ಪಟ್ಟಿಗಳನ್ನು ಗುನಿಯಾ ಇಟ್ಟು ಒಂದಕ್ಕೊಂದು ಸರಿಯಾಗಿ 90 ಡಿಗ್ರಿಗೆ ಹಲಗೆಯ ಮೇಲೆ ಮೊಳೆ ಹೊಡೆಯಲು ಹೇಳಿ. ಪ್ರತಿ ಮೂಲೆಯ ಒಂದು ಬದಿಯನ್ನು ಒಂದು ಪಟ್ಟಿಗೆ ಆನಿಸಿ ಕೊಯ್ಯಲಿ, ಇನ್ನೊಂದು ಬದಿಯನ್ನು ಇನ್ನೊಂದಕ್ಕೆ. ಒಂದು 44.6ಕ್ಕೆ ಬೀಳಲಿ, ಇನ್ನೊಂದು 45.4ಕ್ಕೆ ಬಿದ್ದಿರುತ್ತದೆ, ನಾಲ್ಕು ಮೂಲೆಯೂ ಗಪ್ಪನೆ ಕೂಡುತ್ತವೆ. ಹೇಗೆ ಸಾಧ್ಯವಾಯಿತು ಎಂದು ಅವನು ಕೇಳಿದರೆ, ಡಂಬಳದಿಂದಲೇ ಕಥೆ ಶುರು ಮಾಡಿ!